ಮಲಿಕಾಬಿಯ ಫೋಟೋ ಮತ್ತು ದೇಶದ ಭದ್ರತೆ

ಮಾನ್ಯ ಫೌಜದಾರ ಸಾಹೇಬರೇ,

ಬೇವಿನ ಗಿಡದ ಕೆಳಗೆ ನಿಂತಿದ್ದ ಒಬ್ಬ ಮುದುಕಿಯ ಫೋಟೋ ತೆಗೆದದ್ದಕ್ಕಾಗಿ ತಾವು ನನ್ನನ್ನು ಠಾಣೆಗೆ ಕರೆಸಿದಿರಿ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಬೆಂಚಿನ ಮೇಲೆ ಕೂಡಿಸಿದಿರಿ. ನನ್ನ ಕ್ಯಾಮೆರಾ ಕಸಿದುಕೊಂಡು, ಅದರೊಳಗಿನ ರೀಲನ್ನು ಹಾಳುಮಾಡಿದಿರಿ. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆ ಮುದುಕಿಯನ್ನೂ ಕರೆಸಿ, ಆಕೆ ಶತ್ರುದೇಶಕ್ಕೆ ಬೇಹು ಮಾಡುವವಳೋ ಎಂಬಂತೆ ಪ್ರಶ್ನೆ ಹಾಕಿದಿರಿ. ಇದು ನನ್ನ ದೂರು. ದೂರು ಕೊಡುವ ಜಾಗ ಠಾಣೆ ಎಂದು ಮಕ್ಕಳಿಗೆ ನಾನೇ ನಾಗರಿಕ ಪಾಠದಲ್ಲಿ ಕಲಿಸಿದ್ದೇನೆ. ಠಾಣೆಯ ಮೇಲೇ ದೂರಿದ್ದರೆ ಎಲ್ಲಿಗೆ ಹೋಗಬೇಕೆಂಬುದು ಆ ಪಾಠದಲ್ಲಿ ಇಲ್ಲ. ಆದ್ದರಿಂದ ಈ ಪತ್ರಿಕೆಯ ಸಂಪಾದಕರ ಬಾಗಿಲಿಗೆ ಬಂದಿದ್ದೇನೆ.

ನಮ್ಮ ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಶತ್ರುವಿಗೆ ನಕ್ಷೆ ಬರೆದು ಕೊಟ್ಟಂತಾದೀತು. ಕುಂದಗೋಳ ತಾಲೂಕಿನ ಕರಿ ಮಣ್ಣಿನ ಸೀಮೆಯಲ್ಲಿ, ಗುಡಗೇರಿಯ ಗಾಳಿ ತಾಗುವಷ್ಟು ಹತ್ತಿರದಲ್ಲಿ, ರೈಲು ನಿಲ್ಲುವ ಒಂದು ಊರು ಎಂದರೆ ಓದುವವರಿಗೆ ಸಾಕು. ನಾನು ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದೊಡ್ಡವರೂ ಸಣ್ಣವರೂ ನನ್ನನ್ನು ಅಕ್ಕೋರು ಎನ್ನುತ್ತಾರೆ. ನನ್ನ ಅಪರಾಧದ ಆಯುಧ ಒಂದು ಡಬ್ಬಿ ಕ್ಯಾಮೆರಾ. ಮುಂಬಯಿಯ ಗಿರಣಿಯಲ್ಲಿರುವ ನನ್ನ ತಮ್ಮ ಈರಪ್ಪ ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ತಂದುಕೊಟ್ಟದ್ದು. ಅದರಿಂದ ನಾನು ಈವರೆಗೆ ಮಾಡಿದ ದುಷ್ಕೃತ್ಯಗಳೆಂದರೆ ಶಾಲೆಯ ಖೊಖೊ ತಂಡ, ಅಕ್ಕನ ಮಗಳ ಸೀಮಂತ, ನಮ್ಮ ಎಮ್ಮೆ, ಮತ್ತು ಕಳೆದ ಆಗಸ್ಟ್ ಹದಿನೈದರಂದು ಧ್ವಜಕ್ಕೆ ವಂದನೆ ಸಲ್ಲಿಸುತ್ತಿದ್ದ ತಮ್ಮ ಹಿಂದಿನ ಫೌಜದಾರರು. ಅವರು ಎರಡು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಆಗ ಯಾರೂ ನನ್ನನ್ನು ಹಿಡಿಯಲಿಲ್ಲ.

ಇನ್ನು ಆ ಮುದುಕಿ. ಆಕೆಯ ಹೆಸರು ಮಲಿಕಾಬಿ. ನವಲಗುಂದದಿಂದ ಈ ಊರಿಗೆ ಸೊಸೆಯಾಗಿ ಬಂದವಳು, ತವರಿನಿಂದ ಜಮಖಾನೆ ನೇಯುವ ಕಲೆಯನ್ನು ಜೊತೆಗೆ ತಂದವಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬನೇ ಮಗ ಅಲ್ಲಾಭಕ್ಷ. ಅವನು ನನ್ನ ಕೈಯಲ್ಲಿ ಅಕ್ಷರ ಕಲಿತ, ಒತ್ತಕ್ಷರಗಳನ್ನು ಕೊನೆಯವರೆಗೂ ತಪ್ಪು ಬರೆದ, ಸೈನ್ಯಕ್ಕೆ ಸೇರಿದ. ಕಳೆದ ಡಿಸೆಂಬರಿನ ಯುದ್ಧದಲ್ಲಿ ಗಡಿಯಾಚೆಗೆ ಹೋದ ಪಡೆಯಲ್ಲಿ ಅವನೂ ಇದ್ದ. ನೆಲದಲ್ಲಿ ಹುಗಿದಿದ್ದ ಸಿಡಿಮದ್ದಿನ ಮೇಲೆ ಕಾಲಿಟ್ಟ. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗ ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ.

ಅಲ್ಲಿಂದ ಅವನ ಕಾಗದ ಬಂತು. ಮಲಿಕಾಬಿಗೆ ಓದು ಬಾರದು, ನಾನೇ ಓದಿದೆ. ಈ ವಾರ್ಡಿನಲ್ಲಿ ಎಲ್ಲರ ತಲೆದೆಸೆಯಲ್ಲೂ ಅವರವರ ತಾಯಿಯ ಫೋಟೋ ಇದೆ, ನಿನ್ನದು ಯಾಕಿಲ್ಲ ಎಂದು ಕೇಳುತ್ತಾರೆ, ನಾನು ರೈಲು ಹತ್ತುವಾಗ ನೀನು ಸ್ಟೇಶನ್ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿದ್ದೆಯಲ್ಲ, ಅಲ್ಲೇ ನಿಂತು ಒಂದು ಫೋಟೋ ತೆಗೆಸಿ ಕಳಿಸು ಎಂದು ಬರೆದಿದ್ದ. ಒತ್ತಕ್ಷರಗಳು ಈಗಲೂ ತಪ್ಪಿದ್ದವು.

ಮಲಿಕಾಬಿ ಜನ್ಮದಲ್ಲಿ ಫೋಟೋ ತೆಗೆಸಿಕೊಂಡವಳಲ್ಲ. "ನನ್ನ ಮಾರಿ ಏನ್ ನೋಡ್ತಾನ್ರಿ ಅಕ್ಕೋರ, ಸುಟ್ಟ ಬದನಿಕಾಯಿ ಆಗೇದ" ಎಂದಳು. ನಾನು ಬಿಡಲಿಲ್ಲ. ಮಾರ್ಚ್ ತಿಂಗಳ ಒಂದು ರವಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು, ಹಸಿರು ಸೀರೆ ಉಟ್ಟುಕೊಂಡು ಬಂದಳು. ಸ್ಟೇಶನ್ನಿನ ಬೇಲಿಯ ಹೊರಗೆ, ಎತ್ತಿನ ಗಾಡಿಗಳೂ ಚಹಾದ ಅಂಗಡಿಯೂ ಇರುವ ಬಯಲಿನಲ್ಲಿ, ನಮ್ಮ ಪಂಚಾಯತಿಯೇ ನೆಟ್ಟು ಬೆಳೆಸಿದ ಗಿಡದ ಕೆಳಗೆ ಆಕೆಯನ್ನು ನಿಲ್ಲಿಸಿದೆ. "ಉಸರು ಹಿಡೀಬೇಕೇನ್ರಿ?" ಎಂದು ಕೇಳಿದಳು. "ಬ್ಯಾಡ, ನಗರಿ" ಎಂದೆ. "ಮಗನ ಕಾಲು ಹೋಗೇದ, ಹ್ಯಾಂಗ ನಗಲ್ರಿ?" ಎಂದವಳು, ಮರುಕ್ಷಣದಲ್ಲೇ, "ಆದ್ರೂ ಅಳುಮಾರಿ ಕಳಿಸಿದ್ರ ಅವನೂ ಅಳ್ತಾನ" ಎಂದು ನಕ್ಕಳು. ನಾನು ಗುಂಡಿ ಒತ್ತಿದೆ.

ಆಗ ನನ್ನ ಹೆಗಲ ಹಿಂದೆ ತಮ್ಮ ಜಮಾದಾರರು ನಿಂತಿದ್ದರು.

ಈ ಜಮಾದಾರರ ಮಗಳು ನನ್ನ ವರ್ಗದಲ್ಲೇ ಓದುತ್ತಾಳೆ. ದಿನಾ ಮುಂಜಾನೆ ನನಗೆ ನಮಸ್ಕಾರ ಮಾಡುವ ಆ ಮನುಷ್ಯ ಅಂದು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ತಮ್ಮ ಹೆಸರೇನ್ರಿ?"

"ನಿಮಗ ಗೊತ್ತಿಲ್ಲೇನ್ರಿ ನನ್ನ ಹೆಸರು?"

"ಗೊತ್ತದ್ರಿ ಅಕ್ಕೋರ. ಆದ್ರ ಕೇಳಬೇಕಾಗ್ತದ್ರಿ. ಫೋಟೋ ತೆಗಿಯಾವ್ರು ಕಂಡ್ರ ಕರಕೊಂಡ ಬರ್ರಿ ಅಂತ ಸಾಹೇಬ್ರ ಹುಕುಂ ಅದ."

ಅವರನ್ನು ನಾನು ದೂರುವುದಿಲ್ಲ. ಅವರು ಹುಕುಮಿನ ಮನುಷ್ಯ. ಹುಕುಂ ಕೊಟ್ಟವರು ತಾವು, ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಠಾಣೆಯಲ್ಲಿ ನಡೆದದ್ದನ್ನು ಊರಿನವರು ನಾನಾ ಬಗೆಯಾಗಿ ಹೇಳುತ್ತಿದ್ದಾರೆ. ನಡೆದದ್ದು ನಡೆದಂತೆ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಾವು ತಿದ್ದಬಹುದು. ಸ್ಟೇಶನ್ನಿನ ಫೋಟೋ ಯಾಕೆ ತೆಗೆದಿರಿ ಎಂದು ಕೇಳಿದಿರಿ. ಸ್ಟೇಶನ್ನಿನದಲ್ಲ, ಮಲಿಕಾಬಿಯದು ಎಂದೆ. ಆಕೆಯ ಹಿಂದೆ ಏನಿತ್ತು ಎಂದಿರಿ. ಬೇಲಿ ಎಂದೆ. ಬೇಲಿಯ ಹಿಂದೆ? ಗೂಡ್ಸ್ ಗಾಡಿಯ ಡಬ್ಬಿಗಳು. ಡಬ್ಬಿಗಳಲ್ಲಿ ಏನಿತ್ತು? ತಮ್ಮ ಧ್ವನಿ ಅಲ್ಲಿ ಸಣ್ಣಗಾಯಿತು, ಜಮಾದಾರರು ಬಾಗಿಲು ಮುಂದೆ ಮಾಡಿದರು. ಸಾಹೇಬರೇ, ಆ ಡಬ್ಬಿಗಳಲ್ಲಿ ಒಣಮೆಣಸಿನಕಾಯಿ ಇತ್ತು. ಅದು ಇಡೀ ಊರಿಗೆ ಗೊತ್ತಿತ್ತು, ಯಾಕೆಂದರೆ ಇಡೀ ಊರು ಸೀನುತ್ತಿತ್ತು. ಪ್ರಶ್ನೆ ಕೇಳುತ್ತಲೇ ತಾವೂ ಸೀನಿದಿರಿ. ಈ ಗುಟ್ಟು ಶತ್ರುವಿಗೆ ತಲುಪಲು ನನ್ನ ಫೋಟೋ ಬೇಕಾಗಿಲ್ಲ, ಗಾಳಿ ಸ್ವಲ್ಪ ಪಡುವಣಕ್ಕೆ ತಿರುಗಿದರೆ ಸಾಕು.

ಆಮೇಲೆ ಸಾಕ್ಷಿ ಪರಿಶೀಲಿಸುತ್ತೇನೆಂದು ಕ್ಯಾಮೆರಾದ ಬೆನ್ನು ತೆಗೆದಿರಿ. "ತೆಗೀಬ್ಯಾಡ್ರಿ, ಬೆಳಕು ಬಿದ್ರ ಹಾಳಾಗ್ತದ್ರಿ!" ಎಂದು ನಾನು ಎದ್ದು ನಿಂತೆ. ನನ್ನ ಗಾಬರಿಯನ್ನು ತಾವು ಅಪರಾಧದ ಒಪ್ಪಿಗೆ ಎಂದು ತಿಳಿದಿರಿ. ರೀಲನ್ನು ಪೂರ್ತಿ ಎಳೆದು, ಕಿಟಕಿಯ ಬಿಸಿಲಿಗೆ ಎರಡೂ ಕೈಯಿಂದ ಹಿಡಿದು, ಈ ಕಡೆಯಿಂದ ಆ ಕಡೆಗೆ ನೋಡಿದಿರಿ.

"ಏನೂ ಕಾಣವಲ್ದಲ್ಲ! ಫೋಟೋ ಎಲ್ಲಿ ಅಡಗಿಸೀರಿ?"

"ಅದನ್ನ ಕತ್ತಲ್ಯಾಗ ತೊಳೀಬೇಕ್ರಿ ಸಾಹೇಬ್ರ. ಆಗ ಕಾಣ್ತದ."

"ಕತ್ತಲ್ಯಾಗ ಮಾಡು ಕೆಲಸ ಅಂದಮ್ಯಾಲ ಅದು ಒಳ್ಳೆ ಕೆಲಸ ಹ್ಯಾಂಗ ಆಗ್ತದ್ರಿ ಅಕ್ಕೋರ?"

ಈ ಮಾತನ್ನು ನಾನು ಇಂದಿಗೂ ಮೆಚ್ಚುತ್ತೇನೆ. ತರ್ಕಶಾಸ್ತ್ರ ಓದಿದವರಿಗೂ ಇದಕ್ಕೆ ಉತ್ತರ ಹೊಳೆಯಲಿಕ್ಕಿಲ್ಲ. ಆದರೆ ಅಂದು ನನಗೆ ನಗು ಬರಲಿಲ್ಲ. ಮಲಿಕಾಬಿ ಜೀವಮಾನದಲ್ಲಿ ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ನಕ್ಕಿದ್ದಳು. ಆ ನಗು ತಮ್ಮ ಕೈಯಲ್ಲಿ, ನನ್ನ ಕಣ್ಣೆದುರಿಗೆ, ಬಿಸಿಲಿಗೆ ಸುಟ್ಟು ಹೋಯಿತು. ಸಿಟ್ಟಿನಿಂದ ನಾನು ಬೆಂಚಿನ ಮೇಲೆ ದಪ್ಪನೆ ಕೂತೆ. ಅದನ್ನು ತಾವು ಭಯವೆಂದುಕೊಂಡಿರಬೇಕು, ಒಂದು ಗ್ಲಾಸು ನೀರು ತರಿಸಿದಿರಿ. ಆ ನೀರಿಗೆ ಈ ಪತ್ರದ ಮೂಲಕ ಧನ್ಯವಾದ.

ಆಮೇಲೆ ಮಲಿಕಾಬಿಯನ್ನು ಒಳಗೆ ಕರೆಸಿದಿರಿ. ನನಗೆ ಬಹುವಚನ ಕೊಟ್ಟವರು ಆಕೆಗೆ ಏಕವಚನ ಕೊಟ್ಟಿರಿ. ನನಗೆ ಬೆಂಚು ಕೊಟ್ಟವರು ಆಕೆಗೆ ನೆಲ ತೋರಿಸಿದಿರಿ. ವ್ಯಾಕರಣ ಕಲಿಸುವ ಕಸುಬಿನವಳಾದ್ದರಿಂದ ಇಂಥದು ನನ್ನ ಕಿವಿಗೆ ಬೇಗ ಬೀಳುತ್ತದೆ. ಇಬ್ಬರ ಮೇಲಿನ ಶಂಕೆ ಒಂದೇ ಆಗಿದ್ದರೆ ಪ್ರತ್ಯಯ ಎರಡು ಯಾಕೆ? ಆಕೆಯ ಹೆಸರು ಬರೆದುಕೊಂಡ ಮೇಲೆ ತಾವು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದ ಆ ನೋಟ ಇದೆಯಲ್ಲ, ಅದು ನನ್ನ ಹೆಸರು ಬರೆದುಕೊಂಡಾಗ ಯಾಕೆ ಇರಲಿಲ್ಲ?

"ಪಾಕಿಸ್ತಾನದಾಗ ನಿನ್ನ ಬಳಗದವ್ರು ಯಾರದಾರ?"

"ಯಾರೂ ಇಲ್ರಿ ಸಾಹೇಬ್ರ. ಅಣ್ಣಿಗೇರ್ಯಾಗ ಒಬ್ಬಾಕಿ ತಂಗಿ ಅದಾಳ."

"ಮಗ ಅದಾನಂತಲ್ಲ, ಅವ ಎಲ್ಲಿಗೆ ಹೋಗಿದ್ದ?"

"ಪಾಕಿಸ್ತಾನಕ್ಕ ಹೋಗಿದ್ದ್ರಿ."

ತಾವು ಕುರ್ಚಿಯಿಂದ ಅರ್ಧ ಎದ್ದಿರಿ.

"ಏನಂದಿ? ಯಾರು ಕಳಿಸಿದ್ರು ಅವನ್ನ?"

"ನೀವ ಕಳಿಸಿದ್ರಲ್ರಿ" ಎಂದಳು ಮಲಿಕಾಬಿ, ತಮಗೆ ಇಷ್ಟೂ ನೆನಪಿಲ್ಲವೇ ಎಂಬ ಅಚ್ಚರಿಯಿಂದ. "ಸರಕಾರದವ್ರು. ಬಂದೂಕ ಕೊಟ್ಟು, ಬೂಟು ಕೊಟ್ಟು ಕಳಿಸಿದ್ರಿ. ಒಂದು ಕಾಲು ಅಲ್ಲೇ ಬಿಟ್ಟು ಬಂದಾನ."

ತಾವು ಕೂತಿರಿ. ಆಗಲಾದರೂ "ಎದ್ದು ಬೆಂಚಿನ ಮ್ಯಾಲ ಕೂಡ್ರವ್ವಾ" ಎನ್ನುತ್ತೀರೆಂದು ಕಾದೆ. ತಾವು ಅನ್ನಲಿಲ್ಲ. ಅವನು ಸೈನಿಕನೆಂಬುದಕ್ಕೆ ದಾಖಲೆ ತರಬೇಕು ಎಂದಿರಿ. ತಾಯಿಯ ಹತ್ತಿರ ಮಗನ ದಾಖಲೆ ಏನಿರುತ್ತದೆ?

ಪಂಚಾಯತಿ ಚೇರಮನ್ನರಾದ ಕುಬೇರಪ್ಪನವರು ಬರುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು. ಅವರು ಮಾತು ಕಡಿಮೆಯ ವ್ಯಾಪಾರಸ್ಥರು. ಬಾಗಿಲಲ್ಲೇ ನಿಂತು ಹೇಳಿದರು: "ಸಾಹೇಬ್ರ, ಈ ಅಕ್ಕೋರು ಗುಪ್ತಚಾರರು ಅಂದ್ರ, ಅವ್ರ ಕಡೆ ಅಆಇಈ ಕಲತ ಅರ್ಧ ಊರು ಗುಪ್ತಚಾರರ ಟೋಳಿ ಆತು. ಹಿಡಿಯೂದಿದ್ರ ಎಲ್ಲಾರನ್ನೂ ಹಿಡೀರಿ, ಠಾಣೆ ಸಾಲಲಿಲ್ಲಂದ್ರ ನಮ್ಮ ಅಡತಿ ಅಂಗಡಿ ಕೊಡ್ತೇನಿ." ಆಗ ನಮ್ಮನ್ನು ಬಿಟ್ಟಿರಿ, ಕ್ಯಾಮೆರಾವನ್ನು ಬಿಡಲಿಲ್ಲ. "ಮುಂದ ಏನಾರ ಫೋಟೋ ತೆಗಿಯೂದಿದ್ರ ನನ್ನ ಕೇಳಿ ತೆಗೀರಿ" ಎಂಬ ಬುದ್ಧಿಮಾತನ್ನೂ ಸೇರಿಸಿದಿರಿ.

ಕೇಳುತ್ತೇನೆ, ಈಗಲೇ ಕೇಳುತ್ತೇನೆ. ನಮ್ಮ ಎಮ್ಮೆಯ ಫೋಟೋ ತೆಗೆಯಬಹುದೇ? ಅದರ ಹಿಂದೆ ತಾರಿನ ಕಂಬ ಬರುತ್ತದೆ. ಶಾಲೆಯ ಮಕ್ಕಳದ್ದು? ಶಾಲೆ ಸರಕಾರಿ ಕಟ್ಟಡ, ಅದರ ಸೋರುವ ಮಾಡು ಶತ್ರುವಿಗೆ ತಿಳಿದುಹೋದೀತು. ಯಾವ ಕಾಯಿದೆಯ ಯಾವ ಕಲಮಿನಲ್ಲಿ ಬೇವಿನ ಗಿಡ ನಿಷೇಧವಾಗಿದೆ? ಬೇಲಿಯ ಹೊರಗಿನ ಬಯಲಿನಲ್ಲಿ ಫೋಟೋ ಕೂಡದೆಂದು ಒಂದು ಹಲಗೆಯಾದರೂ ಇದೆಯೇ? ದಿನಾ ನೂರಾರು ಮಂದಿ ರೈಲಿನ ಕಿಟಕಿಯಿಂದ ನಮ್ಮ ಸ್ಟೇಶನ್ ನೋಡಿಕೊಂಡು ಹೋಗುತ್ತಾರೆ. ಅದರ ಹೆಸರನ್ನು ರೈಲ್ವೆಯವರೇ ಮೂರು ಭಾಷೆಯಲ್ಲಿ, ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆಸಿದ್ದಾರೆ. ಗಾಡಿ ಬರುವ, ಹೋಗುವ ವೇಳೆಯನ್ನು ಅಚ್ಚು ಹಾಕಿಸಿ ಮಾರುತ್ತಾರೆ. ಕಣ್ಣಿಗೆ ಕಂಡರೆ ಸ್ಟೇಶನ್, ಗಾಜಿಗೆ ಕಂಡರೆ ರಾಜ್ಯರಹಸ್ಯ, ಇದು ಎಂಥ ನ್ಯಾಯ?

ತಪ್ಪು ತಿಳಿಯಬೇಡಿ. ಯುದ್ಧದ ದಿನಗಳ ಭಯ ನನಗೂ ಗೊತ್ತು. ಸರಕಾರ ಹೇಳಿದಾಗ ಕಿಟಕಿಗೆ ಕರಿ ಕಾಗದ ಅಂಟಿಸಿದವಳು ನಾನು. ನಮ್ಮ ಮಕ್ಕಳು ಜವಾನರಿಗೆಂದು ಮನೆಮನೆಯಿಂದ ಉಣ್ಣೆಯ ಬಟ್ಟೆ ಕೂಡಿಸಿ ತಂದಾಗ, ತನ್ನ ಮಗನಿಗೆಂದು ಇಟ್ಟ ಹೊಸ ಕಂಬಳಿಯನ್ನೇ ಕೊಟ್ಟವಳು ಮಲಿಕಾಬಿ. ಎಚ್ಚರ ಬೇಕು, ಒಪ್ಪುತ್ತೇನೆ. ಆದರೆ ಎಚ್ಚರ ಇರುವವನು ಕಣ್ಣು ತೆರೆದು ಎದುರಿಗೆ ಇರುವವರು ಯಾರೆಂದು ನೋಡುತ್ತಾನಲ್ಲವೇ? ಕಣ್ಣು ಮುಚ್ಚಿಕೊಂಡು ಸಿಕ್ಕವರ ಕೈ ಹಿಡಿಯುವುದನ್ನು ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಆಡುತ್ತಾರೆ. ಅದಕ್ಕೆ ಅವರು ಭದ್ರತೆ ಎನ್ನುವುದಿಲ್ಲ.

ಆ ರವಿವಾರದ ಫಲ ಕೇಳಿರಿ. ಗುಡಗೇರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಸಿರಾಜುದ್ದೀನನನ್ನು ಕರೆದೆ. ಮಲಿಕಾಬಿಯ ಮನೆಗೇ ಬಂದು ಒಂದು ಫೋಟೋ ತೆಗೆದುಕೊಡು ಎಂದೆ. ಅವನು ಕೈ ಮುಗಿದ. "ಬ್ಯಾಡ್ರಿ ಅಕ್ಕೋರ, ನಿಮ್ಮಂಥಾ ಅಕ್ಕೋರನ್ನ ಅಷ್ಟೊತ್ತು ಕೂಡಿಸ್ಯಾರಂದ್ರ, ನನ್ನಂಥಾವನ ಹೆಸರು ಕೇಳಿದ್ರ ಹೊರಗ ಬಿಡ್ತಾರೇನ್ರಿ?" ಮಲಿಕಾಬಿಯೂ ಇನ್ನೊಮ್ಮೆ ನಿಲ್ಲಲು ಒಪ್ಪಲಿಲ್ಲ. ಕೆಲವು ದಿನ ಮಗ್ಗದ ಮುಂದೆ ಸುಮ್ಮನೆ ಕೂತಿದ್ದಳು. ಠಾಣೆಯಲ್ಲಿ ಏನು ಕೇಳಿದರೆಂದು ಓಣಿಯ ಹೆಂಗಸರು ವಿಚಾರಿಸಿದರೆ, "ಅಣ್ಣಿಗೇರಿ ತಂಗಿ ಬಗ್ಗೆ ಕೇಳಿದ್ರು" ಎಂದಷ್ಟೇ ಹೇಳುತ್ತಿದ್ದಳಂತೆ. ಮಗನಿಂದ ಇನ್ನೊಂದು ಕಾಗದ ಬಂತು: ಫೋಟೋ ಇನ್ನೂ ಮುಟ್ಟಿಲ್ಲ, ಮುಂದಿನ ವಾರ ಕಾಲಿಗೆ ಇನ್ನೊಂದು ಆಪರೇಶನ್ ಇದೆ.

ಅದನ್ನು ಓದಿ ಮುಗಿಸಿದಾಗ ಆಕೆ ಮಗ್ಗದಿಂದ ಎದ್ದಳು.

"ಅಕ್ಕೋರ, ಫೋಟೋಕ್ಕ ಪರವಾನಗಿ ಬೇಕಂದ್ರಲ್ಲ. ನಾನು ಹೋಗಾಕ ಬೇಕೇನ್ರಿ?"

"ನಿಮಗ ಟಿಕೀಟು ಸಾಕ್ರಿ."

"ಹಂಗಾದ್ರ ಹೋಗೂಣು."

ಹುಬ್ಬಳ್ಳಿಯಿಂದ ಆಚೆ ಕಾಲಿಡದ ಮುದುಕಿ ಗಂಟು ಕಟ್ಟಿದಳು. ನಾನು ರಜೆ ಹಾಕಿದೆ. ಹುಬ್ಬಳ್ಳಿಯಲ್ಲಿ ಒಮ್ಮೆ, ಮಿರಜಿನಲ್ಲಿ ಒಮ್ಮೆ ಗಾಡಿ ಬದಲಿಸಿದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯ ಹತ್ತಿರವೇ ಕೂತಿದ್ದಳು. ಯಾವುದಾದರೂ ಸ್ಟೇಶನ್ ಬಂದರೆ ಮಾತ್ರ ಸೆರಗನ್ನು ಮುಂದೆಳೆದುಕೊಂಡು ಒಳಗೆ ನೋಡುತ್ತಿದ್ದಳು. ಯಾಕೆಂದು ಕೇಳಿದೆ. "ನೋಡಿದ್ರ ಏನಾರ ಅಂದಾರು" ಎಂದಳು. ನೋಡಿದರೂ ಅಪರಾಧವಾದೀತೆಂದು ಆಕೆಗೆ ಅನಿಸಿತ್ತು. ಇಷ್ಟು ದೂರ ತಮ್ಮ ಅಧಿಕಾರ ವಿಸ್ತರಿಸಿದೆ ಎಂದು ತಿಳಿದರೆ ತಮಗೆ ಸಂತೋಷವಾದೀತು.

ಆಸ್ಪತ್ರೆಯ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲಿನವನಿದ್ದ. ನಿಜ ಹೇಳುತ್ತೇನೆ, ನನಗೆ ಹೆಜ್ಜೆ ಮುಂದೆ ಬರಲಿಲ್ಲ. ಮಲಿಕಾಬಿ ತನ್ನ ಹಿಂದುಸ್ತಾನಿಯಲ್ಲಿ ಏನೋ ಹೇಳಿದಳು. ಅವನು ತನ್ನ ಸ್ಟೂಲನ್ನೇ ಎಳೆದು ಆಕೆಯನ್ನು ಕೂಡಿಸಿ, ಒಳಗೆ ಹೇಳಿ ಕಳಿಸಿದ. ಹೆಸರು ಕೇಳಿದ, ಬರೆದುಕೊಂಡ. ತಲೆ ಎತ್ತಿ ನೋಡಲಿಲ್ಲ.

ಅಲ್ಲಾಭಕ್ಷ ಸೊರಗಿದ್ದ. ತಾಯಿಯನ್ನು ಕಂಡು ಮೊದಲು ನಂಬಲಿಲ್ಲ, ಆಮೇಲೆ ಚಾದರವನ್ನು ಕಾಲಿನ ಮೇಲೆ ಸರಿಮಾಡಿಕೊಳ್ಳಲು ಹೋದ. ಮಲಿಕಾಬಿ ಆ ಕೈ ಹಿಡಿದು ತಡೆದು, ಚಾದರ ತಾನೇ ಸರಿಸಿ, ತುಂಡಾದ ಕಾಲಿನ ತುದಿಯನ್ನು ಅಂಗೈಯಿಂದ ಸವರಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಕೊನೆಗೆ ಅವನೇ, "ಫೋಟೋ ಯಾಕ ಕಳಸ್ಲಿಲ್ಲಮ್ಮಾ?" ಎಂದ.

"ತೆಗಿಸಿದ್ನೆಪಾ. ನಮ್ಮೂರ ಫೌಜದಾರ ಸಾಹೇಬ್ರು ಇಟ್ಕೊಂಡಾರ. ಪಾಪ, ಅವ್ರ ತಾಯಿ ಎಲ್ಲ್ಯೋ ದೂರ ಇರಬೇಕು."

ಇದು ವ್ಯಂಗ್ಯವಲ್ಲ, ಸಾಹೇಬರೇ. ಈ ಪತ್ರದಲ್ಲಿ ವ್ಯಂಗ್ಯವೆಲ್ಲ ನನ್ನದು. ಆ ಸುರುಳಿಯಲ್ಲಿ ತನ್ನ ಮುಖ ಇನ್ನೂ ಇದೆಯೆಂದೇ ಆಕೆ ತಿಳಿದಿದ್ದಾಳೆ. ಅದು ಸುಟ್ಟುಹೋಯಿತೆಂದು ನಾನು ಹೇಳಿಲ್ಲ.

ಮರುದಿನ ಆ ವಾರ್ಡಿನ ಡಾಕ್ಟರರು, ಹೆಗಲ ಮೇಲೆ ಪಟ್ಟಿ ಇರುವ ದೊಡ್ಡ ಅಧಿಕಾರಿಗಳು, ತಮ್ಮ ಸ್ವಂತ ಕ್ಯಾಮೆರಾ ತಂದು ತಾಯಿ ಮಗನನ್ನು ಜೊತೆಗೆ ಕೂಡಿಸಿ ಫೋಟೋ ತೆಗೆದರು. ಮಿಲಿಟರಿ ಆಸ್ಪತ್ರೆಯೊಳಗೆ, ಸಾಹೇಬರೇ! ಸುತ್ತಲೂ ಗಾಯಗೊಂಡ ಸೈನಿಕರು, ಬಾಗಿಲಲ್ಲಿ ಬಂದೂಕು. ಭಾರತದ ರಕ್ಷಣೆ ಆ ಕ್ಷಣದಲ್ಲಿ ಕುಸಿದು ಬೀಳುತ್ತದೆಂದು ಉಸಿರು ಬಿಗಿಹಿಡಿದು ಕಾದೆ. ಡಾಕ್ಟರರು ರೀಲು ತಿರುಗಿಸಿ, "ಇನ್ನೊಂದು" ಎಂದರು, ಅಷ್ಟೇ. ಆಪರೇಶನ್ ಸುಸೂತ್ರವಾಯಿತು. ಯುದ್ಧ ಮಾಡಿದವರಿಗೆ ಇಲ್ಲದ ಭಯ, ಮೆಣಸಿನಕಾಯಿ ಕಾಯುವ ನಮಗೆ ಯಾಕಿರಬೇಕು?

ಇನ್ನು ನನ್ನ ಬೇಡಿಕೆ. ನನ್ನ ಕ್ಯಾಮೆರಾವನ್ನು ಮರಳಿ ಕೊಡಿರಿ. ಎಲ್ಲಿ ಫೋಟೋ ತೆಗೆಯಬಾರದು ಎಂಬುದಕ್ಕೆ ಕಾಯಿದೆ ಇದ್ದರೆ ಅದನ್ನು ಕನ್ನಡದಲ್ಲಿ ಬರೆಸಿ ನಾಲ್ಕು ಮಂದಿಗೆ ಕಾಣುವಲ್ಲಿ ಹಾಕಿಸಿರಿ, ಓದಿ ನಡೆಯುತ್ತೇವೆ. ಇಲ್ಲದಿದ್ದರೆ ತಮ್ಮ ಹುಕುಮನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಮಲಿಕಾಬಿಯ ಮನೆಗೆ ಹೋಗಿ, ಆಕೆ ಹಾಸುವ ಜಮಖಾನೆಯ ಮೇಲೆ ಕೂತು, ಬಹುವಚನದಲ್ಲಿ ಎರಡು ಮಾತಾಡಿ ಬನ್ನಿರಿ. ಕ್ಷಮೆ ಎಂಬ ಶಬ್ದ ಕಷ್ಟವಾದರೆ ಬಿಡಿರಿ, ಮಗ ಹೇಗಿದ್ದಾನೆ ಎಂದು ಕೇಳಿದರೂ ಸಾಕು. ಇದನ್ನು ಬರೆದದ್ದಕ್ಕೆ ಮೇಲಿನವರು ನನ್ನನ್ನು ದೂರದ ದೇವಿಕೊಪ್ಪಕ್ಕೋ ಬಮ್ಮಿಗಟ್ಟಿಗೋ ವರ್ಗ ಮಾಡಿಸಬಹುದು ಎಂದು ಹಿತೈಷಿಗಳು ಎಚ್ಚರಿಸಿದ್ದಾರೆ. ಮಾಡಲಿ. ಅಲ್ಲಿಯೂ ಮಕ್ಕಳಿದ್ದಾರೆ, ಅವರಿಗೂ ಅಕ್ಷರ ಬೇಕು.

ಕೊನೆಗೆ ಒಂದು ಮುನ್ಸೂಚನೆ. ತಿಳಿಸಲಿಲ್ಲವೆಂದು ತಾವು ಆಮೇಲೆ ಅನ್ನಬಾರದು. ಬರುವ ಮೇ ತಿಂಗಳ ಮೊದಲ ಸೋಮವಾರ ಮುಂಜಾನೆಯ ಗಾಡಿಗೆ ಅಲ್ಲಾಭಕ್ಷ ಊರಿಗೆ ಬರುತ್ತಾನೆ. ಕುಬೇರಪ್ಪನವರು ಹಾರ ತರಿಸುತ್ತಿದ್ದಾರೆ, ಶಾಲೆಯ ಮಕ್ಕಳೆಲ್ಲ ಬರುತ್ತಾರೆ, ತಮ್ಮ ಜಮಾದಾರರ ಮಗಳು ಸ್ವಾಗತದ ಹಾಡು ಹೇಳುತ್ತಾಳೆ. ಸಿರಾಜುದ್ದೀನ ತನ್ನ ಕ್ಯಾಮೆರಾವನ್ನು ನನಗೆ ಎರವಲು ಕೊಟ್ಟಿದ್ದಾನೆ. ಆ ಹುಡುಗ ಒಂದು ಕಾಲು, ಎರಡು ಊರುಗೋಲಿನ ಮೇಲೆ ಗಾಡಿಯಿಂದ ಇಳಿಯುವಾಗ ನಾನು ಎಲ್ಲರ ಎದುರಿಗೆ, ಹಾಡಹಗಲಿನಲ್ಲಿ ಫೋಟೋ ತೆಗೆಯುತ್ತೇನೆ. ತಾವೂ ದಯಮಾಡಿಸಬೇಕು. ನನ್ನನ್ನು ಹಿಡಿಯಲು ಬರುವುದಾದರೆ ಹಿಂದಿನಿಂದ ಬನ್ನಿರಿ. ಅವನಿಗೆ ಸಲಾಮು ಹೊಡೆಯಲು ಬರುವುದಾದರೆ ಮುಂದೆ ನಿಲ್ಲಿರಿ, ತಮ್ಮನ್ನೂ ಸೇರಿಸಿಕೊಳ್ಳುತ್ತೇನೆ.

ಇಂತಿ,
ತಮ್ಮ ದಫ್ತರದಲ್ಲಿ ಶಂಕಿತಳೂ, ಶಾಲೆಯ ಹಾಜರಿಯಲ್ಲಿ ಶಿಕ್ಷಕಿಯೂ ಆಗಿ ಉಳಿದಿರುವ
ಗೌರಕ್ಕ
ಏಪ್ರಿಲ್ ೧೯೭೨